ದಾರಿ ಬಿಟ್ಟು ಅಲೆಯೋಕೆ ಯಾವ ಗೇಮ್? ಮಾರೋವಿಂಡ್‌ನಿಂದ ಎಲ್ಡನ್ ರಿಂಗ್‌ವರೆಗೆ ಒಂದು ಹೋಲಿಕೆ

ಓಪನ್ ವರ್ಲ್ಡ್ (ಬೇಕಾದ ಕಡೆ ಅಲೆಯಬಹುದಾದ) ಫ್ಯಾಂಟಸಿ ಗೇಮ್ ಕೊಳ್ಳೋಕೆ ಹೊರಟವರು ಮೊದಲು ಕೇಳೋದು "ಮ್ಯಾಪ್ ಎಷ್ಟು ದೊಡ್ಡದು?" ಅಂತ. ಟ್ರೈಲರ್‌ಗಳೂ ಅದನ್ನೇ ಸಾರುತ್ತವೆ. ಆದರೆ ಮ್ಯಾಪ್ ದೊಡ್ಡದಿದ್ದ ಮಾತ್ರಕ್ಕೆ ಅಲೆದಾಟ ಖುಷಿ ಕೊಡುವುದಿಲ್ಲ. ಗಂಟೆಗಟ್ಟಲೆ ಕುದುರೆ ಓಡಿಸಿ, ರಾಶಿ ಐಕಾನ್‌ಗಳನ್ನು ಒಂದೊಂದಾಗಿ ಅಳಿಸಿ, ಕೊನೆಗೆ ಒಂದು ಜಾಗವೂ ನೆನಪಲ್ಲಿ ಉಳಿಯದ ಗೇಮ್‌ಗಳು ಬೇಕಾದಷ್ಟಿವೆ. ಹಾಗೇ, ಹತ್ತು ನಿಮಿಷದಲ್ಲಿ ದಾಟಬಹುದಾದ ಒಂದು ಕಾಡು ವರ್ಷಗಟ್ಟಲೆ ತಲೆಯಲ್ಲಿ ಕೂತಿರುವುದೂ ಉಂಟು.

ನಾನು ಗೇಮ್ ಆರಿಸುವಾಗ ನೋಡೋದು ಮೂರು ವಿಷಯ. ಅಲ್ಲೇನೋ ಇದೆ ಅಂತ ನನಗೆ ಹೇಳಿದ್ದು ಯಾರು? ನನ್ನ ಕಣ್ಣಾ, ಊರಿನ ಯಾರದೋ ಮಾತಾ, ಮ್ಯಾಪಿನ ಮೇಲಿನ ಗುರುತಾ? ಇದು ಮೊದಲನೆಯದು. ಎರಡನೆಯದು, ಅಲ್ಲಿಗೆ ಹೋಗೋದರಲ್ಲಿ ಏನಾದರೂ ಅಪಾಯ, ಖರ್ಚು, ಯೋಚನೆ ಇದೆಯಾ? ಮೂರನೆಯದು, ಅಲ್ಲಿ ಸಿಗೋದು ಅಲ್ಲಿ ಮಾತ್ರ ಸಿಗುವಂಥದ್ದಾ? ಈ ಮೂರರಲ್ಲಿ ಮೊದಲನೆಯದಕ್ಕೇ ನನ್ನ ಓಟು. "ಇದನ್ನ ನಾನೇ ಕಂಡುಹಿಡಿದೆ" ಅನ್ನಿಸಿದರೆ ಸಿಕ್ಕಿದ್ದು ಚಿಕ್ಕದಾದರೂ ಮನಸ್ಸು ತುಂಬುತ್ತದೆ. ಹಾಗನ್ನಿಸದಿದ್ದರೆ ಚಿನ್ನದ ಕತ್ತಿ ಸಿಕ್ಕರೂ ಪಟ್ಟಿಯಲ್ಲಿದ್ದ ಒಂದು ಕೆಲಸ ಮುಗಿಯಿತು, ಅಷ್ಟೇ.

ಹೋಲಿಕೆಗೆ ಐದು ಗೇಮ್ ತಗೊಂಡಿದ್ದೇನೆ: ಮಾರೋವಿಂಡ್ (2002), ಸ್ಕೈರಿಮ್ (2011), ದಿ ವಿಚರ್ 3 (2015), ಜೆಲ್ಡಾ ಸರಣಿಯ ಬ್ರೆತ್ ಆಫ್ ದಿ ವೈಲ್ಡ್ (2017), ಎಲ್ಡನ್ ರಿಂಗ್ (2022). ಇನ್ನೂ ಮೂರ್ನಾಲ್ಕರ ಬಗ್ಗೆ ಆಮೇಲೆ ಚುಟುಕಾಗಿ. ಮುಖ್ಯ ಕತೆಯ ಗುಟ್ಟು ಬಿಡುವುದಿಲ್ಲ, ಆದರೆ ಕೆಲವು ಜಾಗಗಳ ಮಾತು ಬಂದೇ ಬರುತ್ತದೆ. ಏನೂ ಗೊತ್ತಿಲ್ಲದೆ ಆಡಬೇಕು ಅನ್ನುವವರು ಆಯಾ ಗೇಮಿನ ಭಾಗ ಬಿಟ್ಟು ಮುಂದೆ ಹೋಗಿ.

ಮಾರೋವಿಂಡ್: ದಾರಿ ಕೇಳಿಕೊಂಡು ಹೋಗುವ ಗೇಮ್

ಬೆಥೆಸ್ಡಾ ಕಂಪನಿಯ ಈ ಗೇಮಿಗೆ ಇಪ್ಪತ್ತು ವರ್ಷ ದಾಟಿದೆ. ಇದರಲ್ಲಿ ಕ್ವೆಸ್ಟ್, ಅಂದರೆ ಗೇಮ್ ಕೊಡುವ ಕೆಲಸ, ಅದರ ಮಾರ್ಕರ್ ಇಲ್ಲ. ಹೋಗಬೇಕಾದ ಜಾಗ ತೋರಿಸುವ ಬಾಣ ಇಲ್ಲ. ಯಾರಾದರೂ ಒಂದು ಕೆಲಸ ಕೊಟ್ಟರೆ ದಾರಿಯನ್ನು ಬಾಯಲ್ಲಿ ಹೇಳುತ್ತಾರೆ, ಅದು ನಿಮ್ಮ ಡೈರಿಯಲ್ಲಿ ಸೇರಿಕೊಳ್ಳುತ್ತದೆ, ಮುಂದಿನದು ನಿಮಗೆ ಬಿಟ್ಟಿದ್ದು. ನಮ್ಮ ಕಡೆ ಗೊತ್ತಿಲ್ಲದ ಹಳ್ಳಿಗೆ ಹೋಗುವಾಗ ಚಹಾ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಕೇಳುತ್ತೇವಲ್ಲ, "ಮುಂದೆ ಒಂದು ಸೇತುವೆ ಸಿಗುತ್ತೆ, ದಾಟಿ ಬಲಕ್ಕೆ ಹೋಗಿ" ಅಂತಾರಲ್ಲ, ಥೇಟ್ ಹಾಗೇ.

ಆಟದ ಶುರುವಿನಲ್ಲೇ ಬಾಲ್ಮೋರಾ ಊರಿನಲ್ಲಿ ಒಂದು ಕೆಲಸ ಬರುತ್ತದೆ. ಅರ್ಕಂಗ್‌ಥಂಡ್ ಎಂಬ ಪಾಳುಬಿದ್ದ ಡ್ವೆಮರ್ (ಹಿಂದೆ ಅಳಿದುಹೋದ ಜನಾಂಗ) ಕೋಟೆಗೆ ಹೋಗಿ ಒಂದು ಚಿಕ್ಕ ಪೆಟ್ಟಿಗೆ ತರಬೇಕು. ಊರಿನಿಂದ ದಕ್ಷಿಣಕ್ಕೆ ಹೊರಡು, ಓಡೈ ನದಿ ದಾಟು, ಕೈಮರ ಸಿಗುತ್ತದೆ, ಗುಡ್ಡ ಹತ್ತುವ ಹಳೇ ದಾರಿ ಹಿಡಿ, ಕಮರಿಯ ಮೇಲೆ ಒಂದು ಹಳೆಯ ಡ್ವೆಮರ್ ಸೇತುವೆ ಇದೆ, ಅದನ್ನ ದಾಟಿದರೆ ಬಂದೇಬಿಟ್ಟೆ. ಇಷ್ಟೇ ಹೇಳೋದು. ಸೇತುವೆ ಕಣ್ಣಿಗೆ ಬಿದ್ದ ಕೂಡಲೇ ಆಗುವ ಸಮಾಧಾನ ಇದೆಯಲ್ಲ, ಅದನ್ನು ಪರದೆಯ ಮೂಲೆಯ ಯಾವ ಮಿನಿಮ್ಯಾಪ್ ಕೊಡೋಕೆ ಸಾಧ್ಯ? ಅಲ್ಲಿಗೇ ಮುಗಿಯುವುದಿಲ್ಲ. ಬಾಗಿಲು ಮುಟ್ಟಿದರೆ ತೆರೆಯುವುದಿಲ್ಲ, ಹತ್ತಿರದ ಪೈಪಿನ ಮೇಲಿರುವ ತಿರುಗಣೆಯನ್ನು ತಿರುಗಿಸಬೇಕು. ಒಳಗೆ ಹೋದರೆ ಆ ಪೆಟ್ಟಿಗೆ ಹೊಳೆಯುತ್ತಾ ಕಾಯುತ್ತಿರುವುದಿಲ್ಲ, ಒಂದು ಕಪಾಟಿನ ಮೇಲೆ ಬೇರೆ ಸಾಮಾನುಗಳ ಜೊತೆ ಸುಮ್ನೆ ಕೂತಿರುತ್ತದೆ. ಎಷ್ಟೋ ಜನ ಅದರ ಮುಂದೆಯೇ ಹಾದುಹೋಗಿ ಇಡೀ ಕೋಟೆ ಹುಡುಕುತ್ತಾರೆ.

ಇನ್ನೊಂದು ವಿಷಯ, ಇಲ್ಲಿನ ಒಳ್ಳೆ ವಸ್ತುಗಳನ್ನು ಮನುಷ್ಯರು ಕೂತು ಯೋಚಿಸಿ ಇಟ್ಟಿದ್ದಾರೆ. ನೀವು ಮೊದಲು ಇಳಿಯುವ ಸೇಡಾ ನೀನ್ ಊರಿನಿಂದ ಹೊರಗೆ ನಡೆದರೆ ಆಕಾಶದಿಂದ ಕಿರುಚಿಕೊಳ್ಳುತ್ತಾ ಒಬ್ಬ ಮಂತ್ರವಾದಿ ಬಿದ್ದು ಸಾಯುತ್ತಾನೆ. ಅವನ ಹತ್ತಿರ ಅವನೇ ಬರೆದ ಮೂರು ಮಂತ್ರದ ಸುರುಳಿ ಸಿಗುತ್ತವೆ. ಓದಿದರೆ 7 ಸೆಕೆಂಡ್ ಕಾಲ ನಿಮ್ಮ ಜಿಗಿಯುವ ಶಕ್ತಿ 1000 ಅಂಕ ಏರುತ್ತದೆ. ಜಿಗಿದರೆ ಅರ್ಧ ದ್ವೀಪ ಕಾಲ ಕೆಳಗೆ ಸರಿದುಹೋಗುತ್ತದೆ. ಆದರೆ ಇಳಿಯುವ ಹೊತ್ತಿಗೆ ಮಂತ್ರದ ಬಲ ಮುಗಿದಿರುತ್ತದೆ, ಆ ಮಂತ್ರವಾದಿ ಸತ್ತಿದ್ದೂ ಹಾಗೇ. ನೆಲ ಮುಟ್ಟುವ ಮೊದಲು ಎರಡನೇ ಸುರುಳಿ ಓದಬೇಕು ಅಂತ ನಿಮಗೇ ಹೊಳೆಯಬೇಕು. ಕಾಲ್ಡೆರಾ ಊರಿನ ಹತ್ತಿರ ದಾರಿಯಲ್ಲಿ ಒಬ್ಬ ಹೆಂಗಸು ಸಿಗುತ್ತಾಳೆ. ಅವಳ ಬೂಟು ಹಾಕಿಕೊಂಡರೆ ಗಾಳಿಯ ವೇಗದಲ್ಲಿ ಓಡಬಹುದು, ಆದರೆ ಕಣ್ಣು ಕಾಣುವುದಿಲ್ಲ! ಮಂತ್ರದ ಪ್ರಭಾವ ತಡೆದುಕೊಳ್ಳುವ ಶಕ್ತಿ ಹೆಚ್ಚಿಸಿಕೊಂಡು ಆಮೇಲೆ ಬೂಟು ಹಾಕಿದರೆ ಕುರುಡು ಕಡಿಮೆಯಾಗುತ್ತದೆ. ಇಂಥ ವಸ್ತು ಸಿಕ್ಕರೆ ಆಟ ಆಡುವ ರೀತಿಯೇ ಬದಲಾಗುತ್ತದೆ. ಕತ್ತಿಯ ಏಟು 12ರಿಂದ 14 ಆಯಿತು ಅನ್ನುವ ಬಹುಮಾನಕ್ಕೂ ಇದಕ್ಕೂ ಅಜಗಜಾಂತರ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಶುರುವಿನಲ್ಲಿ ನಿಮ್ಮ ಕತ್ತಿ ಶತ್ರುವಿನ ಮೈ ಮುಟ್ಟಿದ್ದು ಕಣ್ಣಿಗೆ ಕಂಡರೂ ಏಟು ಬಿತ್ತು ಅಂತ ಲೆಕ್ಕಕ್ಕೆ ಬರುವುದಿಲ್ಲ, ಯಾಕಂದರೆ ಒಳಗೆ ದಾಳ ಉರುಳುತ್ತಿರುತ್ತದೆ. ನಿಮಗೆ ಪಳಗಿದ ಆಯುಧವನ್ನೇ ಹಿಡಿಯಿರಿ, ಓಡಿ ಸುಸ್ತಾದ ಕೂಡಲೇ ಜಗಳಕ್ಕೆ ನಿಲ್ಲಬೇಡಿ. ಇಷ್ಟು ಮಾಡಿದರೆ ಸಹಿಸಿಕೊಳ್ಳಬಹುದು. ನಡಿಗೆ ನಿಧಾನ. ಚಿತ್ರಗಳು ಹಳೆಯವು. ಓಪನ್‌ಎಂಡಬ್ಲ್ಯೂ ಎಂಬ ಮುಕ್ತ ಎಂಜಿನ್ (ಗೇಮ್ ಓಡಿಸುವ ತಂತ್ರಾಂಶ) ಮೇಲೆ ಓಡಿಸಿದರೆ ಈಗಿನ ಕಂಪ್ಯೂಟರಿನಲ್ಲಿ ಸಲೀಸಾಗಿ ನಡೆಯುತ್ತದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾದಾ ಲ್ಯಾಪ್‌ಟಾಪ್ ಸಾಕು.

ಸ್ಕೈರಿಮ್: ಸುಸ್ತಾದ ಸಂಜೆಗೆ

ಅದೇ ಕಂಪನಿ, ಒಂಬತ್ತು ವರ್ಷದ ನಂತರ. ಈಗ ಪರದೆಯ ಮೇಲೆ ದಿಕ್ಸೂಚಿ ಬಂದಿದೆ, ನೀವು ಇನ್ನೂ ನೋಡದ ಗುಹೆ ಹತ್ತಿರ ಇದ್ದರೆ ಅದರ ಗುರುತು ತಾನಾಗಿಯೇ ಮೂಡುತ್ತದೆ. ಕಣ್ಣೆತ್ತಿ ನೋಡುವ ಕೆಲಸ ಕಡಿಮೆಯಾಯಿತು. ಕೆಲಸ ಕೊಡುವವರು ದಾರಿ ಹೇಳೋದನ್ನೂ ನಿಲ್ಲಿಸಿದ್ದಾರೆ, ಬಾಣ ಇದೆಯಲ್ಲ. ಹಾಗಾಗಿ ಮಾರ್ಕರ್ ಪೂರ್ತಿ ಆರಿಸಿ ಆಡೋಣ ಅಂದರೆ ಇಲ್ಲಿ ಆಗುವುದಿಲ್ಲ. ಎಷ್ಟೋ ಕ್ವೆಸ್ಟ್‌ಗಳಲ್ಲಿ ಎಲ್ಲಿಗೆ ಹೋಗಬೇಕು ಅಂತ ಬರೆದೇ ಇರುವುದಿಲ್ಲ. ಇದು ನನಗೆ ನಿಜವಾಗಲೂ ಬೇಸರ ತರಿಸುವ ವಿಷಯ, ಯಾಕಂದರೆ ಜಗತ್ತು ಅಷ್ಟು ಚೆನ್ನಾಗಿದೆ.

ಪೆಟ್ಟಿಗೆಯಲ್ಲಿ ಸಿಗುವ ಸಾಮಾನು ಬಹುತೇಕ ನಿಮ್ಮ ಲೆವೆಲ್ (ಆಡುತ್ತಾ ಬೆಳೆದ ಬಲದ ಮಟ್ಟ) ನೋಡಿಕೊಂಡು ಬರುತ್ತದೆ. ಎಷ್ಟು ದೂರದ, ಎಷ್ಟು ಕಷ್ಟದ ಗುಹೆಯಾದರೂ ಕೊನೆಯ ಪೆಟ್ಟಿಗೆಯಲ್ಲಿ ಸಿಗೋದು ಹೆಚ್ಚುಕಮ್ಮಿ ಒಂದೇ ತರಹದ್ದು. ಹಾಗಾದರೆ ಜನ ಇವತ್ತಿಗೂ ಇದನ್ನ ಯಾಕೆ ಆಡುತ್ತಾರೆ? ನನ್ನ ಉತ್ತರ: ಪ್ರತಿ ಜಾಗಕ್ಕೂ ಒಂದು ಪುಟ್ಟ ಕತೆ ಇದೆ.

ವಿಂಟರ್‌ಹೋಲ್ಡ್ ಮತ್ತು ಡಾನ್‌ಸ್ಟಾರ್ ನಡುವಿನ ಹಿಮದ ದಂಡೆಯಲ್ಲಿ ಫ್ರಾಸ್ಟ್‌ಫ್ಲೋ ಎಂಬ ಒಂದು ದೀಪಸ್ತಂಭ ಇದೆ. ಒಳಗೆ ಹೋದರೆ ಒಂದು ಹೆಂಗಸಿನ ಹೆಣ. ಪಕ್ಕದ ಕೋಣೆಗಳಲ್ಲಿ ಮನೆಯವರ ಡೈರಿಗಳು. ಸಮುದ್ರ ನೋಡುತ್ತಾ ಬದುಕಬೇಕು ಅನ್ನುವ ಗಂಡನ ಆಸೆಗೆ ಸಂಸಾರ ಸಮೇತ ಬಂದವರು ಅವರು. ನೆಲಮಾಳಿಗೆಯಿಂದ ಏನೋ ಕೆರೆಯುವ ಸದ್ದು ಬರುತ್ತಿತ್ತು ಅಂತ ಬರೆದಿದ್ದಾರೆ. ನೀವು ಕೆಳಗಿಳಿದು ಒಂದೊಂದೇ ಚೀಟಿ ಓದುತ್ತಾ ಹೋದ ಹಾಗೆ ಮಕ್ಕಳಿಗೆ ಏನಾಯಿತು, ತಂದೆಗೆ ಏನಾಯಿತು ಅಂತ ತಿಳಿಯುತ್ತದೆ. ತಾನು ಸತ್ತರೆ ಮೈಯನ್ನು ಮೇಲಿನ ದೀಪದ ಬೆಂಕಿಗೆ ಹಾಕಬೇಕು, ಅಲ್ಲಿಂದ ಸಮುದ್ರ ನೋಡುತ್ತಿರಬೇಕು ಅನ್ನೋದು ಅವನ ಆಸೆ. ಕೆಳಗಿನ ದೊಡ್ಡ ಹುಳವನ್ನು ಕೊಂದರೆ ಅದರ ಹೊಟ್ಟೆಯಲ್ಲಿ ಅವನ ಉಳಿದ ಭಾಗ ಸಿಗುತ್ತದೆ. ಮೇಲೆ ಹತ್ತಿ ಬೆಂಕಿಗೆ ಹಾಕಿದರೆ ನಿಮಗೊಂದು ಆಶೀರ್ವಾದ ಬರುತ್ತದೆ, ವಾಸಿಮಾಡುವ ಮಂತ್ರಗಳು 10% ಜಾಸ್ತಿ ಕೆಲಸ ಮಾಡುತ್ತವೆ. ಲೆಕ್ಕಕ್ಕೆ ನೋಡಿದರೆ ಏನೂ ಅಲ್ಲ. ಆದರೆ ಆ ಮನೆಯನ್ನು ಮರೆಯೋಕೆ ಆಗುವುದಿಲ್ಲ.

ಇಂಥವು ಸ್ಕೈರಿಮ್‌ನಲ್ಲಿ ಬೇಕಾದಷ್ಟಿವೆ. ಆಲ್ಫ್‌ಟಾಂಡ್ ಪಾಳುಕೋಟೆಯ ತಳದಿಂದ ಬ್ಲ್ಯಾಕ್‌ರೀಚ್ ಎಂಬ ನೆಲದಡಿಯ ಜಗತ್ತಿಗೆ ಕಾಲಿಡುವ ಗಳಿಗೆ ಕೂಡ ಅಷ್ಟೇ ದೊಡ್ಡದು: ಹೊಳೆಯುವ ಅಣಬೆ ಮರಗಳು, ಮಧ್ಯದಲ್ಲಿ ತೂಗುವ ಒಂದು ದೀಪದ ಗೋಳ. ಆ ಗೋಳಕ್ಕೆ ಶತ್ರುವನ್ನು ತಳ್ಳಿಬಿಡುವ ನಿಮ್ಮ ಮಂತ್ರದ ಕೂಗನ್ನು ಹೊಡೆದು ನೋಡಿ, ಏನು ಬರುತ್ತದೆ ಅಂತ ನಾನು ಹೇಳುವುದಿಲ್ಲ. ದಿನವಿಡೀ ದುಡಿದು ಬಂದು ಒಂದು ಗಂಟೆ ಆಡುವವರಿಗೆ ಸ್ಕೈರಿಮ್ ತುಂಬಾ ಹಿಡಿಸುತ್ತದೆ. ಒಂದು ಗುಹೆ, ಒಂದು ಕತೆ, ಕೊನೆಯಲ್ಲಿ ಹೊರಗೆ ಬರೋಕೆ ಅಡ್ಡದಾರಿ, ಮಲಗೋಕೆ ಹೋಗಬಹುದು.

ವಿಚರ್ 3: ಮ್ಯಾಪ್ ಬಿಡಿ, ಜನರನ್ನು ಹಿಡಿಯಿರಿ

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ ಈ ಗೇಮ್ ಅಲೆದಾಟದ ದೃಷ್ಟಿಯಿಂದ ನನಗೆ ಅರ್ಧ ಇಷ್ಟ, ಅರ್ಧ ಕಷ್ಟ. ಕಷ್ಟದ ಭಾಗ ಸ್ಕೆಲ್ಲಿಗೆ ದ್ವೀಪಗಳ ಸಮುದ್ರದಲ್ಲಿದೆ. ಮ್ಯಾಪ್ ತುಂಬಾ ಪ್ರಶ್ನೆ ಚಿಹ್ನೆಗಳು. ದೋಣಿಯಲ್ಲಿ ಹೋಗು, ಹಾರುವ ಸೈರನ್‌ಗಳನ್ನು ಹೊಡೆ, ನೀರಿಗೆ ಧುಮುಕು, ಪೀಪಾಯಿ ಒಡೆ, ಮಾರೋಕೆ ಮಾತ್ರ ಬರುವ ಸಾಮಾನು ಎತ್ತಿಕೋ, ಮುಂದಿನ ಪ್ರಶ್ನೆ ಚಿಹ್ನೆಗೆ ಹೋಗು. ಎಲ್ಲ ಮುಗಿಸಿದವರಿದ್ದಾರೆ. ಅದರಲ್ಲಿ ಕಂಡುಹಿಡಿಯೋಕೆ ಏನೂ ಇಲ್ಲ, ಚಿಹ್ನೆ ಮೊದಲೇ ಎಲ್ಲ ಹೇಳಿಬಿಟ್ಟಿದೆ. ದಯವಿಟ್ಟು ಅದನ್ನು ಬಿಡಿ.

ಇಷ್ಟದ ಭಾಗಕ್ಕೆ ಮೊದಲ ಊರಾದ ವೈಟ್ ಆರ್ಚರ್ಡ್ ಸಾಕು. ಒಂದು ಮುದುಕಿ ಬೀಗ ಹಾಕಿದ ಗುಡಿಸಲಿನ ಬಾಗಿಲು ಬಡಿಯುತ್ತಿರುತ್ತಾಳೆ. ಒಬ್ಬ ಅವಳ ಬಾಣಲೆ ಎರವಲು ತಗೊಂಡು ಹೋಗಿದ್ದಾನೆ, ವಾಪಸ್ ಕೊಟ್ಟಿಲ್ಲ, ಅದು ಬೇಕು. ಅಷ್ಟೇ ಕೆಲಸ. ಒಳಗೆ ಹೋದರೆ ಒಂದು ಹೆಣ ಬಿದ್ದಿದೆ. ಬಾಣಲೆಯೂ ಸಿಗುತ್ತದೆ, ಯಾರೋ ಕೆರೆದು ಚೊಕ್ಕಟ ಮಾಡಿದ್ದಾರೆ. ಯಾಕೆ? ಮಸಿಯನ್ನು ಶಾಯಿ ಮಾಡಿ ಪತ್ರ ಬರೆಯೋಕೆ. ಯುದ್ಧದಲ್ಲಿ ಸೋತ ದೇಶದ ಗೂಢಚಾರನ ಕತೆ ಅದರಿಂದ ಬಿಚ್ಚಿಕೊಳ್ಳುತ್ತದೆ. ಮುದುಕಿಗೆ ಅದ್ಯಾವುದೂ ಬೇಡ, ಬಾಣಲೆ ಸಿಕ್ಕರೆ ಸಾಕು. ಒಂದು ಬಾಣಲೆಯ ನೆಪದಲ್ಲಿ ಯುದ್ಧ ಕಂಡ ಊರಿನ ಸ್ಥಿತಿ ಇಷ್ಟು ಚೆನ್ನಾಗಿ ಹೇಳಿದ ಗೇಮ್ ನಾನು ಬೇರೆ ನೋಡಿಲ್ಲ.

ಹಾಗಾಗಿ ಇದನ್ನು ತಗೊಂಡರೆ ಊರೂರು ಹೋಗಿ, ನೋಟಿಸ್ ಬೋರ್ಡ್ ಓದಿ, ಜನರ ಮಾತು ಕೇಳಿ. ಗುಡ್ಡ ಬೆಟ್ಟ ಹತ್ತೋಕೆ ಬೇರೆ ಗೇಮ್ ಇವೆ. 2022ರ ಡಿಸೆಂಬರ್‌ನಲ್ಲಿ ಬಂದ ದೊಡ್ಡ ಅಪ್‌ಡೇಟ್ ನಂತರ ಪ್ರಶ್ನೆ ಚಿಹ್ನೆಗಳು ಮ್ಯಾಪಿನಲ್ಲಿ ಮೊದಲಿಗೆ ಮರೆಯಾಗಿಯೇ ಇರುತ್ತವೆ, ಓಡಾಡುವಾಗ ಮಿನಿಮ್ಯಾಪ್ ಮರೆಮಾಡುವ ಆಯ್ಕೆಯೂ ಸೇರಿದೆ. ಎರಡನ್ನೂ ಬಳಸಿಕೊಳ್ಳಿ. ವೆಲೆನ್ ಜೌಗು ಪ್ರದೇಶ ಆಗ ಬೇರೆಯೇ ಕಾಣುತ್ತದೆ.

ಬ್ರೆತ್ ಆಫ್ ದಿ ವೈಲ್ಡ್: ಕಣ್ಣೇ ಮ್ಯಾಪ್

ನಿಂಟೆಂಡೋದವರು ಇಲ್ಲಿ ಒಂದು ಸರಳ ಕೆಲಸ ಮಾಡಿದ್ದಾರೆ, ಅದನ್ನು ಎಷ್ಟು ಹೊಗಳಿದರೂ ಸಾಲದು. ಗೋಪುರ ಹತ್ತಿದರೆ ಸುತ್ತಲಿನ ಮ್ಯಾಪ್ ತೆರೆಯುತ್ತದೆ, ಆದರೆ ಅದರ ಮೇಲೆ ಗುಡ್ಡ, ನದಿ, ದಾರಿ ಬಿಟ್ಟರೆ ಎಲ್ಲೆಲ್ಲಿ ಏನೇನಿದೆ ಅಂತ ಗುರುತು ಬೀಳುವುದಿಲ್ಲ. ಗೋಪುರದ ತುದಿಯಲ್ಲಿ ನಿಂತು ದುರ್ಬೀನಿನಲ್ಲಿ ಸುತ್ತ ನೋಡಿ, ಕುತೂಹಲ ಹುಟ್ಟಿಸಿದ ಜಾಗಕ್ಕೆ ನೀವೇ ಪಿನ್ ಹಾಕಬೇಕು. ಬೇರೆ ಗೇಮ್‌ಗಳಲ್ಲಿ ಗೋಪುರ ಹತ್ತಿದ ಮೇಲೆ ಗೇಮ್ ಪಟ್ಟಿ ಕೊಡುತ್ತದೆ. ಇಲ್ಲಿ ಪಟ್ಟಿ ಬರೆಯೋದು ನೀವು.

ನೆಲದ ಆಕಾರವೂ ಲೆಕ್ಕ ಹಾಕಿ ಮಾಡಿದ್ದು. 2017ರಲ್ಲಿ ಜಪಾನಿನ ಸೆಡೆಕ್ ಎಂಬ ಗೇಮ್ ತಯಾರಕರ ಸಮ್ಮೇಳನದಲ್ಲಿ ಇದರ ತಂಡದವರೇ ವಿವರಿಸಿದ್ದರು: ಬೆಟ್ಟ, ದಿಬ್ಬ, ಬಂಡೆಗಳನ್ನೆಲ್ಲ ತ್ರಿಕೋನದ ಆಕಾರದಲ್ಲಿ ಇಟ್ಟಿದ್ದಾರೆ. ತ್ರಿಕೋನ ಎದುರಿಗಿದ್ದರೆ ಹತ್ತಬಹುದು, ಇಲ್ಲ ಸುತ್ತಿ ಹೋಗಬಹುದು. ಯಾವುದು ಮಾಡಿದರೂ ಅದರ ಹಿಂದೆ ಅಡಗಿದ್ದದ್ದು ನಿಧಾನಕ್ಕೆ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಒಂದು ಮಠ (ಶ್ರೈನ್, ಒಳಗೆ ಒಗಟು ಇರುವ ಜಾಗ) ನೋಡಿ ಹೊರಟವರು ದಾರಿಯಲ್ಲಿ ಹೊಗೆ ಕಂಡು ಅತ್ತ ತಿರುಗಿ, ಅಲ್ಲಿಂದ ಒಂದು ಸರೋವರ ಕಂಡು ಮತ್ತೆ ಇತ್ತ ತಿರುಗಿ, ಕೊನೆಗೆ ಹೊರಟ ಕಾರಣವನ್ನೇ ಮರೆಯುತ್ತಾರೆ. ಅದನ್ನು ತಂಡ ಬೇಕಂತಲೇ ಮಾಡಿದೆ.

ನನಗೆ ಈ ಗೇಮಿನಲ್ಲಿ ಎಲ್ಲಕ್ಕಿಂತ ಇಷ್ಟ ಸತೋರಿ ಬೆಟ್ಟ. ಕೆಲವು ರಾತ್ರಿ ಮಾತ್ರ ಅದರ ಮೇಲೆ ತಿಳಿ ಹಸಿರು ಬೆಳಕು ಏಳುತ್ತದೆ, ಬಹಳ ದೂರದಿಂದ ಕಾಣುತ್ತದೆ. ಅಲ್ಲಿಗೆ ಹೋಗು ಅಂತ ಯಾವ ಬಾಣವೂ ಹೇಳುವುದಿಲ್ಲ. ಹೋದರೆ ಒಂದು ಕೊಳ, ಚೆರಿ ಹೂ ಬಿಟ್ಟ ಮರ, ಹೊಳೆಯುವ ಮೊಲದಂಥ ಜೀವಿಗಳು, ಅವುಗಳ ನಡುವೆ ಬೆಟ್ಟದ ಒಡೆಯ ಎಂಬ ವಿಚಿತ್ರ ಕುದುರೆಯಂಥ ಪ್ರಾಣಿ. ಸದ್ದಿಲ್ಲದೆ ಹೋದರೆ ಅದರ ಮೇಲೆ ಸವಾರಿ ಮಾಡಬಹುದು. ಲಾಯಕ್ಕೆ ಕರೆದುಕೊಂಡು ಹೋಗಿ ನಿಮ್ಮದು ಮಾಡಿಕೊಳ್ಳೋಕೆ ಬಿಡುವುದಿಲ್ಲ. ಅಲ್ಲಿ ನೋಡಿದ್ದು ಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಆದರೂ ಆ ಬೆಳಕು ಮತ್ತೆ ಕಂಡರೆ ಮತ್ತೆ ಹೋಗುತ್ತೀರಿ.

ಮೂರನೇ ಪ್ರಶ್ನೆಯಲ್ಲಿ ಮಾತ್ರ ಇದು ಸೊರಗುತ್ತದೆ. ಆಯುಧ ಮುರಿಯುತ್ತವೆ, ಹಾಗಾಗಿ ಪೆಟ್ಟಿಗೆಯಲ್ಲಿ ಒಳ್ಳೆ ಕತ್ತಿ ಸಿಕ್ಕರೂ ಅದು ನಾಲ್ಕು ದಿನದ ನೆಂಟ. 120 ಮಠಗಳು ಒಳಗೆ ಒಂದೇ ತರಹ ಕಾಣುತ್ತವೆ. ಅಲ್ಲಲ್ಲಿ ಬಚ್ಚಿಟ್ಟ ಕೊರೋಕ್ ಬೀಜಗಳು 900 ಇವೆ, ಆಯುಧ, ಬಿಲ್ಲು, ಗುರಾಣಿ ಇಡುವ ಜಾಗ ಪೂರ್ತಿ ಹೆಚ್ಚಿಸಿಕೊಳ್ಳೋಕೆ 441 ಸಾಕು. ಎಲ್ಲ 900 ಹುಡುಕೋಕೆ ಹೋಗಬೇಡಿ, ಕಣ್ಣಿಗೆ ಬಿದ್ದಾಗ ಎತ್ತಿಕೊಂಡರೆ ಚೆಂದ. ಮಳೆ ಬಂದರೆ ಬಂಡೆ ಜಾರುತ್ತದೆ, ಹತ್ತೋಕೆ ಆಗುವುದಿಲ್ಲ, ಇದಕ್ಕೆ ಸಿಟ್ಟಾಗುವವರು ಬಹಳ. ನನಗೆ ಅದು ಸರಿ ಅನ್ನಿಸುತ್ತದೆ. ಮಳೆಯಲ್ಲಿ ಒಂದು ಚಾಚಿದ ಬಂಡೆ ಕೆಳಗೆ ಬೆಂಕಿ ಹಾಕಿ ಕಾಯೋದು ಕೂಡ ಪ್ರಯಾಣವೇ ಅಲ್ವಾ.

ಇದರ ಮುಂದಿನ ಭಾಗ ಟಿಯರ್ಸ್ ಆಫ್ ದಿ ಕಿಂಗ್‌ಡಮ್ 2023ರಲ್ಲಿ ಬಂತು. ಆಕಾಶದ ದ್ವೀಪ, ನೆಲದಡಿಯ ಕತ್ತಲೆ ಲೋಕ ಎರಡೂ ಸೇರಿವೆ. ಆದರೆ ಅದರಲ್ಲಿ ವಾಹನ ಕಟ್ಟಿ ಹಾರಬಹುದು, ಹಾರಿದರೆ ನೆಲ ನೋಡೋದು ತಪ್ಪುತ್ತದೆ. ಅಲೆದಾಟಕ್ಕೆ ಅಂತಾದರೆ ಮೊದಲನೆಯದನ್ನೇ ಆಡಿ. ಒಂದು ತೊಡಕು, ಇವೆರಡೂ ನಿಂಟೆಂಡೋ ಯಂತ್ರದಲ್ಲಿ ಮಾತ್ರ ಓಡುತ್ತವೆ. ಒಂದು ಗೇಮಿಗೋಸ್ಕರ ಯಂತ್ರ ಕೊಳ್ಳಬೇಕಾ ಅನ್ನೋದು ನಿಮ್ಮ ಜೇಬಿಗೆ ಬಿಟ್ಟ ವಿಷಯ.

ಎಲ್ಡನ್ ರಿಂಗ್: ಭಯವೂ ಬಹುಮಾನವೂ

ಫ್ರಮ್‌ಸಾಫ್ಟ್‌ವೇರ್‌ನ ಈ ಗೇಮ್ ಮೂರು ಪ್ರಶ್ನೆಗೂ ಒಳ್ಳೆ ಅಂಕ ತಗೊಳ್ಳುತ್ತದೆ. ಹೊಸ ಪ್ರದೇಶಕ್ಕೆ ಬಂದಾಗ ಮ್ಯಾಪ್ ಬರಿದಾಗಿರುತ್ತದೆ, ಅದರಲ್ಲಿ ಒಂದು ಚಿಕ್ಕ ಕಲ್ಲುಕಂಬದ ಚಿತ್ರ ಮಾತ್ರ ಕಾಣುತ್ತದೆ. ಅಲ್ಲಿಗೆ ಹೋದರೆ ಮ್ಯಾಪಿನ ತುಂಡು ಸಿಗುತ್ತದೆ. ಸಿಕ್ಕ ಮೇಲೂ ಅದು ಬಣ್ಣದ ಚಿತ್ರ ಅಷ್ಟೇ. ಪಾಳು ಗುಡಿಯಂತೆ ಕಾಣುವ ಗೀಚು, ಕಾಡಿನ ನಡುವೆ ಒಂದು ವೃತ್ತ, ಇವನ್ನೆಲ್ಲ ನೀವೇ ಬೆರಳಿಟ್ಟು ನೋಡಿ ಗುರುತಿಸಬೇಕು. ಮ್ಯಾಪಿನ ಅಂಚು ಎಲ್ಲಿ ಅಂತಲೂ ಮೊದಲು ತಿಳಿಯುವುದಿಲ್ಲ. ನೀವು ಮುಂದೆ ಹೋದ ಹಾಗೆ ಅದು ಬೆಳೆಯುತ್ತಾ ಹೋಗುತ್ತದೆ, "ಇನ್ನೂ ಇದೆಯಾ!" ಅಂತ ಬಾಯಿ ತೆರೆದು ನೋಡಬೇಕಾಗುತ್ತದೆ.

ಆಟ ಶುರುವಾಗುವ ಲಿಮ್‌ಗ್ರೇವ್ ಸೀಮೆಯ ಪೂರ್ವಕ್ಕೆ ಮಿಸ್ಟ್‌ವುಡ್ ಅಂತ ಕಾಡು. ಒಳಗೆ ಕಲ್ಲಿನ ಒಂದು ಕಟ್ಟಡ, ನಡುವೆ ಲಿಫ್ಟ್. ಹತ್ತಿ ನಿಂತರೆ ಇಳಿಯುತ್ತದೆ. ಇಳಿಯುತ್ತಲೇ ಇರುತ್ತದೆ. ಇಷ್ಟು ಹೊತ್ತು ಯಾಕೆ ಅಂತ ಅನುಮಾನ ಶುರುವಾಗುವ ಹೊತ್ತಿಗೆ ಗೋಡೆ ಸರಿದು ನೆಲದಡಿಯಲ್ಲಿ ನಕ್ಷತ್ರ ತುಂಬಿದ ಆಕಾಶ ತೆರೆದುಕೊಳ್ಳುತ್ತದೆ, ಕೆಳಗೆ ಕಂಬಗಳ ಸಾಲು, ಸಿಯೋಫ್ರಾ ನದಿ. ಯಾವ ಕ್ವೆಸ್ಟ್ ಕೂಡ ನಿಮ್ಮನ್ನ ಆ ಲಿಫ್ಟಿನ ಹತ್ತಿರ ಕೈ ಹಿಡಿದು ಕರೆದುಕೊಂಡು ಹೋಗಿಲ್ಲ. ಕಾಡಿನಲ್ಲಿ ಕಟ್ಟಡ ಕಂಡಿತು, ಹೋದಿರಿ, ಅಷ್ಟೇ. ಅದಕ್ಕೇ ಆ ಆಕಾಶ ನಿಮ್ಮದು ಅನ್ನಿಸುತ್ತದೆ.

ಅಪಾಯವೂ ಅಷ್ಟೇ ನಿಜ. ಕೆರೆಯ ಪಕ್ಕದ ಸುಟ್ಟ ಪಾಳುಮನೆಯ ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇದೆ. ತೆರೆದರೆ ಹೊಗೆ ಬಂದು ನಿಮ್ಮನ್ನು ಕೇಲಿಡ್ ಎಂಬ ಭಯಂಕರ ಸೀಮೆಯ ಗಣಿಯೊಳಗೆ ಎಸೆಯುತ್ತದೆ. ಗಣಿಯಿಂದ ಹೊರಗೆ ಬರುವ ತನಕ ಬೇರೆ ಕಡೆ ಹಾರಿ ಹೋಗುವ ಹಾಗಿಲ್ಲ. ಅಲ್ಲಿನ ಶತ್ರುಗಳು ಒಂದೆರಡು ಏಟಿಗೆ ಮುಗಿಸುತ್ತಾರೆ. ತಪ್ಪಿಸಿಕೊಂಡು ಹೊರಗೆ ಬಂದರೆ ಕೆಂಪು ಆಕಾಶ, ಕೊಳೆತ ನೆಲ. ಲೆವೆಲ್ ನೋಡಿಕೊಂಡು ಶತ್ರುಗಳ ಬಲ ಬದಲಾಗದ ಕಾರಣ ಆ ಭಯಕ್ಕೆ ಅರ್ಥ ಇದೆ. ಹತ್ತಾರು ಗಂಟೆ ಆದ ಮೇಲೆ ವಾಪಸ್ ಹೋಗಿ ಅದೇ ಶತ್ರುಗಳನ್ನು ಹೊಡೆದಾಗ ನೀವು ಬೆಳೆದಿದ್ದೀರಿ ಅಂತ ಯಾರೂ ಹೇಳಬೇಕಾಗಿಲ್ಲ. ಇದಕ್ಕೆ ತದ್ವಿರುದ್ಧ ಉದಾಹರಣೆ ಬೇಕಾದರೆ ಬೆಥೆಸ್ಡಾದ್ದೇ 2006ರ ಗೇಮ್ ಒಬ್ಲಿವಿಯನ್ ನೋಡಿ. ಅದರಲ್ಲಿ ನಿಮ್ಮ ಲೆವೆಲ್ ಏರಿದ ಹಾಗೆ ದಾರಿಗಳ್ಳರೂ ದುಬಾರಿ ಗಾಜಿನ ಕವಚ ತೊಟ್ಟು ಬರುತ್ತಾರೆ. ಆಮೇಲೆ ಎಲ್ಲಿಗೆ ಹೋದರೇನು, ಎಲ್ಲ ಕಡೆಯೂ ಒಂದೇ.

ಎಲ್ಡನ್ ರಿಂಗ್‌ನಲ್ಲಿ ನನಗೆ ತುಂಬಾ ಹಿಡಿಸಿದ ಇನ್ನೊಂದು ಸಣ್ಣ ವಿಷಯ, ಚಿತ್ರಪಟಗಳು. ಅಲ್ಲಲ್ಲಿ ಕಲಾವಿದರ ಗುಡಿಸಲಿನಲ್ಲಿ ಒಂದು ಚಿತ್ರ ಸಿಗುತ್ತದೆ. ಆ ದೃಶ್ಯವನ್ನು ಎಲ್ಲಿ ಕೂತು ಬಿಡಿಸಿದರು ಅಂತ ಹುಡುಕಬೇಕು. ಬೆಟ್ಟದ ಸಾಲು, ಗೋಪುರದ ತುದಿ, ಮರ ಯಾವ ಬದಿಗಿದೆ ಅಂತ ನೋಡುತ್ತಾ ಕುದುರೆ ಮೇಲೆ ಸುತ್ತಿ, ಸರಿಯಾದ ಜಾಗಕ್ಕೆ ಬಂದರೆ ಆ ಕಲಾವಿದನ ಆತ್ಮ ಅಲ್ಲಿ ಕೂತಿರುತ್ತದೆ. ನೋಡುವ ಕೆಲಸವನ್ನೇ ಒಗಟು ಮಾಡಿದ್ದಾರೆ.

ದೋಷ ಇಲ್ಲವೆಂದಲ್ಲ. ನೆಲಮಾಳಿಗೆಯ ಸಮಾಧಿಗಳು ಒಂದರ ಹಾಗೆ ಇನ್ನೊಂದು, ಬಾಸ್‌ಗಳೂ (ಕೊನೆಯಲ್ಲಿ ಎದುರಾಗುವ ದೊಡ್ಡ ಶತ್ರುಗಳು) ಮತ್ತೆ ಮತ್ತೆ ಬರುತ್ತವೆ. ಕಷ್ಟಪಟ್ಟು ಗೆದ್ದ ಮೇಲೆ ನಿಮಗೆ ಬಾರದ ಮಂತ್ರ ಸಿಕ್ಕರೆ ಬೇಸರವಾಗುತ್ತದೆ. ಕ್ವೆಸ್ಟ್ ಪಟ್ಟಿ ಇಲ್ಲದ ಕಾರಣ ಯಾರು ಏನು ಹೇಳಿದರು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಸಾಯೋದು ಜಾಸ್ತಿ. ಅದು ಆಗದವರಿಗೆ ಈ ಗೇಮ್ ಬೇಡ ಅಂತ ನೇರವಾಗಿ ಹೇಳುತ್ತೇನೆ.

ಇನ್ನು ಕೆಲವು

ಗಾಥಿಕ್ 2, ಜರ್ಮನಿಯದು, 2002. ಚಿಕ್ಕ ದ್ವೀಪ, ಆದರೆ ಪ್ರತಿ ಪೊದೆಯೂ ಕೈಯಾರೆ ಇಟ್ಟದ್ದು. ದಾರಿ ಬಿಟ್ಟು ಕಾಡಿಗೆ ಕಾಲಿಟ್ಟರೆ ಕತ್ತಲಲ್ಲಿ ಒಂದು ದೊಡ್ಡ ಮೃಗ ಕಾದಿರುತ್ತದೆ, ಓಡಬೇಕು. ಕೀಬೋರ್ಡ್ ಹಿಡಿತಕ್ಕೆ ಬರೋಕೆ ಸಮಯ ಬೇಕು.

ಔಟ್‌ವರ್ಡ್ (2019) ಇಲ್ಲಿರುವುದರಲ್ಲಿ ಎಲ್ಲಕ್ಕಿಂತ ನಿಷ್ಠುರ. ಮ್ಯಾಪ್ ಇದೆ, ಆದರೆ ನೀವು ಎಲ್ಲಿದ್ದೀರಿ ಅಂತ ತೋರಿಸುವುದಿಲ್ಲ. ಬೆಟ್ಟ, ಕಲ್ಲು ನೋಡಿ ನೀವೇ ಲೆಕ್ಕ ಹಾಕಬೇಕು. ಊಟ, ನೀರು, ಚಳಿಗೆ ಬಟ್ಟೆ ಎಲ್ಲ ಬೆನ್ನಿನ ಚೀಲದಲ್ಲಿ, ಜಗಳ ಬಂದರೆ ಚೀಲ ಕೆಳಗಿಟ್ಟು ಹೊಡೆದಾಡಬೇಕು. ಒಂದೇ ಪರದೆಯಲ್ಲಿ ಇಬ್ಬರು ಆಡಬಹುದು. ಮನೆಯಲ್ಲಿ ತಮ್ಮನೋ ಗೆಳೆಯನೋ ಜೊತೆಗಿದ್ದರೆ ಇದನ್ನೇ ಆರಿಸಿ.

ಡ್ರ್ಯಾಗನ್ಸ್ ಡಾಗ್ಮಾ 2 (2024) ದಾರಿಯ ಖರ್ಚನ್ನು ನೆನಪಿಸುವ ಗೇಮ್. ಒಂದು ಊರಿನಿಂದ ಇನ್ನೊಂದಕ್ಕೆ ನಿಮ್ಮನ್ನು ಹಾರಿಸುವ ಮಂತ್ರದ ಕಲ್ಲು ದುಬಾರಿ, ಎತ್ತಿನ ಗಾಡಿ ಇದೆ, ರಾತ್ರಿ ನಿಜವಾದ ಕಗ್ಗತ್ತಲೆ, ಲಾಟೀನಿಗೆ ಎಣ್ಣೆ ಬೇಕು. ಶುರುವಿನ ಪ್ರಯಾಣಗಳು ಅದ್ಭುತ, ಆಮೇಲೆ ಅವೇ ಶತ್ರುಗಳು.

ಕಂಪ್ಯೂಟರೂ ಇಲ್ಲ, ಕನ್ಸೋಲೂ ಇಲ್ಲ, ಫೋನ್ ಮಾತ್ರ ಇದೆ ಅನ್ನುವವರು ನಮ್ಮಲ್ಲಿ ಬಹಳ. ಅವರಿಗೆ 2020ರ ಗೆನ್‌ಶಿನ್ ಇಂಪ್ಯಾಕ್ಟ್ ಉಚಿತವಾಗಿ ಸಿಗುತ್ತದೆ. ಬೆಟ್ಟ ಹತ್ತೋದು, ಗಾಳಿಯಲ್ಲಿ ತೇಲೋದು, ಮೂಲೆಮೂಲೆಯಲ್ಲಿ ಒಗಟು, ನೋಟ ಎಲ್ಲ ಚೆನ್ನಾಗಿವೆ. ಆದರೆ ಪೆಟ್ಟಿಗೆಯಲ್ಲಿ ಸಿಗುವ ಪ್ರಿಮೋಜೆಮ್ (ಆಟದೊಳಗಿನ ನಾಣ್ಯ) ಕೊನೆಗೆ ಹೊಸ ಪಾತ್ರಗಳ ಲಾಟರಿಗೆ ಹೋಗುತ್ತದೆ, ಅಲ್ಲಿ ದುಡ್ಡು ಸುರಿಯುವ ಆಸೆ ಹುಟ್ಟುತ್ತದೆ. ಮಕ್ಕಳ ಕೈಗೆ ಕೊಡುವಾಗ ಫೋನಿನಲ್ಲಿ ಪಾವತಿಗೆ ಪಾಸ್‌ವರ್ಡ್ ಹಾಕಿಡಿ. ಪ್ರದೇಶದ ಎಷ್ಟು ಶೇಕಡಾ ಮುಗಿಯಿತು ಅಂತ ತೋರಿಸುವ ಅಂಕಿಯನ್ನು ನೋಡೋಕೆ ಹೋಗಬೇಡಿ, ನೋಡಿದರೆ ಅಲೆದಾಟ ಹೋಗಿ ಲೆಕ್ಕ ಚುಕ್ತಾ ಮಾಡುವ ಕೆಲಸ ಆಗುತ್ತದೆ.

ಹಾಗಾದರೆ ಯಾವುದು?

ಒಂದೇ ತಗೋಬೇಕು, ಸೋತರೂ ಬೇಜಾರಿಲ್ಲ ಅನ್ನುವವರು ಎಲ್ಡನ್ ರಿಂಗ್ ತಗೊಳ್ಳಿ, ಎರಡನೇ ಯೋಚನೆ ಬೇಡ. ನಿಂಟೆಂಡೋ ಸ್ವಿಚ್ ಯಂತ್ರ ಮೊದಲೇ ಮನೆಯಲ್ಲಿದ್ದರೆ ಜೆಲ್ಡಾ. ಓದೋದು, ಗುರುತು ಹಾಕಿಕೊಳ್ಳೋದು, ನಿಧಾನ ಇಷ್ಟ ಅಂದರೆ ಮಾರೋವಿಂಡ್. ಚಿತ್ರ ಹಳೆಯದು ಅನ್ನುವ ಒಂದೇ ಕಾರಣಕ್ಕೆ ಅದನ್ನು ಬಿಟ್ಟರೆ ಈ ಪಟ್ಟಿಯಲ್ಲಿ ಅತಿ ಒಳ್ಳೆ ವಸ್ತುಗಳನ್ನು ಬಚ್ಚಿಟ್ಟ ಗೇಮನ್ನು ಬಿಟ್ಟಂತೆ. ಕತೆಗೋಸ್ಕರ ವಿಚರ್. ದಿನಕ್ಕೊಂದು ಗಂಟೆ ಇರುವವರಿಗೆ ಸ್ಕೈರಿಮ್.

ಯಾವುದೇ ತಗೊಂಡರೂ ಮೊದಲ ದಿನವೇ ಸೆಟ್ಟಿಂಗ್ಸ್ ನೋಡಿ. ಜೆಲ್ಡಾದಲ್ಲಿ ಪರದೆಯ ಮೇಲಿನ ಸೂಚನೆಗಳನ್ನು ಪ್ರೊ ಮೋಡ್‌ಗೆ ಹಾಕಿದರೆ ಮಿನಿಮ್ಯಾಪ್ ಹೋಗುತ್ತದೆ. ಸ್ಕೈರಿಮ್‌ನಲ್ಲಿ ಕ್ವೆಸ್ಟ್ ಪಟ್ಟಿಗೆ ಹೋಗಿ ಎಲ್ಲದರ ಆಯ್ಕೆ ತೆಗೆದುಬಿಡಿ, ಬಾಣಗಳು ಮಾಯ. ದಾರಿ ತಪ್ಪಿದಾಗ ಆ ಒಂದನ್ನು ಮಾತ್ರ ಮತ್ತೆ ಹಾಕಿಕೊಳ್ಳಿ. ಎಲ್ಡನ್ ರಿಂಗ್‌ನಲ್ಲಿ ಬೆಳಕಿನ ಗೆರೆ ಕೋಟೆಯ ಕಡೆಗೆ ತೋರಿಸುತ್ತದೆ, ಅದನ್ನೇ ಹಿಡಿದು ಹೋದವರು ಮಾರ್ಗಿಟ್ ಎಂಬ ಬಾಸ್ ಕೈಯಲ್ಲಿ ಹೊಡೆಸಿಕೊಂಡು ಗೇಮನ್ನೇ ಬಿಟ್ಟುಬಿಡುತ್ತಾರೆ. ಕುದುರೆ ಸಿಕ್ಕ ಕೂಡಲೇ ಆ ಗೆರೆ ಬಿಟ್ಟು ದಕ್ಷಿಣದ ಸೇತುವೆ ದಾಟಿ ವೀಪಿಂಗ್ ಪೆನಿನ್ಸುಲಾಗೆ ಹೋಗಿ, ಅದನ್ನು ಸಾವಕಾಶ ಸುತ್ತಿ, ಆಮೇಲೆ ಕೋಟೆಗೆ ಬನ್ನಿ.